ಸಿಸ್ಟರ್ ಡುಫಿ ಕಂಡ ಬೆನ್ನುಗಳು

ಹೆಗಲೇರಿದ ಶವಪೆಟ್ಟಿಗೆಯನ್ನು ಆ ಆರು ಜನ ಅಂಗಳ ದಾಟುವ ಮೊದಲೇ ಮತ್ತೆ ಬೆಂಚಿನ ಮೇಲೆ ಇಳಿಸಿದರು. ಕುಮಾಸಿಯಿಂದ ಬಾಡಿಗೆಗೆ ಕರೆಸಿದ ಯುವಕರು. ಕರಿ ಕೋಟು, ಬಿಳಿ ಕೈಗವಸು, ಕಣ್ಣಿಗೆ ಕಪ್ಪು ಕನ್ನಡಕ. ಪೆಟ್ಟಿಗೆ ಹೊತ್ತು ಕುಣಿಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಹೆಸರಾಗಿತ್ತು. ಈಗ ಅವರಲ್ಲೊಬ್ಬ ಮೊಣಕಾಲು ಹಿಡಿದು ಕೂತಿದ್ದ. ಮುಂದಾಳು ಕೈಗವಸು ಕಳಚಿ ಅದರಿಂದಲೇ ಹಣೆ ಒರೆಸಿಕೊಳ್ಳುತ್ತಿದ್ದ.

"ಆಗಲ್ಲ ಒಪಾಯಿನ್," ಎಂದ ಅವನು, ಮನೆತನದ ಒಪಾಯಿನ್, ಎಂದರೆ ಹಿರಿಯ, ಆದ ತಾಚಿಯ ಎದುರು ಬಗ್ಗಿ. "ಎತ್ತೋದೇನೋ ಎತ್ತಿದ್ವಿ. ಆದ್ರೆ ಇದನ್ನ ಹೊತ್ಕೊಂಡು ಚರ್ಚಿನ ಆ ಏರು ಹತ್ತೋದು, ಅದೂ ಕುಣ್ಕೊಂಡು... ಒಬ್ಬ ಕಾಲು ಜಾರಿದ್ರೂ ಅಮ್ಮಾವ್ರು ನೆಲಕ್ಕೆ ಬೀಳ್ತಾರೆ. ಗಾಡೀಲಿ ಹಾಕ್ಸಿಬಿಡಿ."

"ಯಾವ ಗಾಡೀಲಿ?"

ಬೇಲಿಯ ಹತ್ತಿರ ನಿಂತಿದ್ದ ಸಣ್ಣ ಲಾರಿಯ ಕಡೆ ಅವನು ಗಲ್ಲ ಚಾಚಿ ತೋರಿಸಿದ. ಬೆಳಿಗ್ಗೆ ಊಟದ ಅಡುಗೆಗೆಂದು ಎರಡು ಹೋರಿಗಳನ್ನು ತಂದು ಇಳಿಸಿದ ಲಾರಿ ಅದು. ಹಲಗೆಯ ಮೇಲೆ ಹುಲ್ಲು, ಸಗಣಿ ಇನ್ನೂ ಹಾಗೇ ಇದ್ದವು.

ಅಂಗಳದ ಮೂರು ಬದಿಗೂ ಶಾಮಿಯಾನ ಹಾಕಿದ್ದರು. ಅದರ ಕೆಳಗೆ ಊರೇ ಕೂತಿತ್ತು. ತುಂಬು ಬಾಳು ಬಾಳಿದವರ ಸಾವಾದ್ದರಿಂದ ಯಾರೂ ದುಃಖದ ಕೆಂಪು ಉಟ್ಟಿರಲಿಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಬಿಳಿಯ ಮೇಲೆ ಕಪ್ಪು ಅಚ್ಚಿನ ಬಟ್ಟೆ. ಪೆಟ್ಟಿಗೆ ಎದ್ದಾಗ ಶುರುಮಾಡಿದ್ದ ಬಡಿತವನ್ನು ನಿಲ್ಲಿಸಬೇಕೋ ಬೇಡವೋ ತಿಳಿಯದೆ ಡೋಲಿನವರು ಒಂದೊಂದೇ ಪೆಟ್ಟು ಹಾಕುತ್ತಿದ್ದರು.

ಪೆಟ್ಟಿಗೆಯೊಳಗೆ ಬೆನೆಡಿಕ್ಟಾ ಡುಫಿ ಮಲಗಿದ್ದಳು. ಅಸುವೇಸೊದ ಆಸ್ಪತ್ರೆಯಲ್ಲಿ ಬಾಳಿನ ಬಹುಭಾಗ ಎಕ್ಸ್-ರೇ ತೆಗೆದವಳು. ನರ್ಸ್ ಅಲ್ಲದಿದ್ದರೂ ಎಲ್ಲರ ಬಾಯಲ್ಲೂ ಸಿಸ್ಟರ್ ಡುಫಿ. ಹಿಂದಿನ ತಿಂಗಳು ಮಧ್ಯಾಹ್ನ ಫುಫು ಮುದ್ದೆ ಉಂಡು, ನೆಲಗಡಲೆ ಸಾರು ಚೆನ್ನಾಗಿತ್ತು ಎಂದು ಮಗಳಿಗೆ ಹೇಳಿ, ಮಾವಿನ ಮರದಡಿ ಕುರ್ಚಿಗೆ ಒರಗಿದವಳು ಮತ್ತೆ ಏಳಲಿಲ್ಲ. ದೊಡ್ಡ ಮೈಯವಳು. ಕೂಸಾಗಿದ್ದಾಗಿನಿಂದ ಕೊನೆಯ ಊಟದವರೆಗೂ ದೊಡ್ಡ ಮೈಯವಳೇ. ಪೆಟ್ಟಿಗೆಯನ್ನೂ ಬಡಗಿ ಅವಳ ಅಳತೆಗೆಂದೇ ಬೇರೆಯಾಗಿ ಮಾಡಿದ್ದ.

"ನಾನು ಹೇಳ್ತಾನೇ ಇದ್ದೆ," ತಾಚಿ ಯಾರಿಗೂ ಅಲ್ಲ ಎಂಬಂತೆ ಗೊಣಗಿದ. ಅವನು ಡುಫಿಯ ತಮ್ಮ. "ಅಕ್ಕಾ, ಒಂದು ತುತ್ತು ಕಮ್ಮಿ ತಿನ್ನು ಅಂತ. ಕೇಳಿದ್ಳಾ? ಈಗ ನೋಡಿ, ಊರ ಮುಂದೆ..."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪೆಟ್ಟಿಗೆಯ ಪಕ್ಕ ನಿಂತಿದ್ದ ಮಗಳು ಪೋಕುವಾ ತಲೆ ತಗ್ಗಿಸಿದಳು. ಅವಳು ಶಾಲೆಯಲ್ಲಿ ಪಾಠ ಹೇಳುವವಳು. ಎಂಥ ತರಗತಿಯನ್ನೂ ಒಂದೇ ಮಾತಿಗೆ ಸುಮ್ಮನಾಗಿಸುವವಳು ಇವತ್ತು ಪೆಟ್ಟಿಗೆಯ ಅಂಚನ್ನೇ ಒರೆಸುತ್ತ ನಿಂತಳು.

"ಸರಿ, ಹಾಕಿ," ಎಂದ ತಾಚಿ. "ಕೆಳಗೊಂದು ಬಟ್ಟೆ ಹಾಸಿ ಹಾಕಿ. ಫಾದರ್ ಕಾಯ್ತಿದ್ದಾರೆ, ಬಿಸಿಲೂ ಏರ್ತಿದೆ."

ಹುಡುಗರು ಪೆಟ್ಟಿಗೆಗೆ ಕೈ ಹಾಕಿದರು. ಅಷ್ಟರಲ್ಲಿ ಎಡಗಡೆಯ ಶಾಮಿಯಾನದ ಮುಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದಳು. ಎದ್ದಾಗ ಪ್ಲಾಸ್ಟಿಕ್ ಕುರ್ಚಿಯೂ ಜೊತೆಗೇ ಎದ್ದಿತು. ಅದನ್ನು ಕಿತ್ತು ಹಿಂದಕ್ಕೆ ಎಸೆದು, ಸೀದಾ ಹೋಗಿ ಲಾರಿಯ ಹಿಂಬದಿಗೆ ಅಡ್ಡವಾಗಿ ನಿಂತಳು. ಸಂತೆಯಲ್ಲಿ ಯಾಮ್ ಗೆಡ್ಡೆಯ ಸಗಟು ವ್ಯಾಪಾರ ಮಾಡುವ ಟೀವಾ.

"ಸಿಸ್ಟರ್‌ನ ಈ ಲಾರಿಗೆ ಹತ್ತಿಸೋದಾದ್ರೆ," ಅಂದಳು, "ಮೊದಲು ನನ್ನ ಹತ್ತಿಸಿ."

* * *

ಇಪ್ಪತ್ತೆರಡು ವರ್ಷಗಳ ಹಿಂದೆ ಇದೇ ಟೀವಾ ಗೋಡೆ ಹಿಡಿದುಕೊಂಡು ಎಕ್ಸ್-ರೇ ಕೋಣೆಗೆ ಬಂದಿದ್ದಳು. ಕಂಕುಳಿಗೆ ಕೈಕೊಟ್ಟ ಇಬ್ಬರು ಹಮಾಲರು ಅವಳನ್ನು ಬಾಗಿಲಲ್ಲಿ ಬಿಟ್ಟು ಆಚೆ ನಿಂತರು.

"ಕೂತ್ಕೊಳಮ್ಮ," ಎಂದಳು ಡುಫಿ.

"ಕೂತ್ರೆ ಏಳಕ್ಕಾಗಲ್ಲ ಸಿಸ್ಟರ್. ನಿಂತೇ ಇರ್ತೀನಿ. ನೀವೂ ಅದನ್ನೇ ಹೇಳಿ ಕಳಿಸೋದಾದ್ರೆ ಈಗ್ಲೇ ಹೇಳ್ಬಿಡಿ."

"ಯಾವುದನ್ನ?"

"ಮೈ ಇಳಿಸ್ಕೊಂಡು ಬಾ ಅಂತ. ಫುಫು ಬಿಟ್ಟೆ. ತಾಳೆ ಎಣ್ಣೆ ಬಿಟ್ಟೆ. ಬರೀ ಸೊಪ್ಪು ಬೇಯಿಸ್ಕೊಂಡು ತಿಂದೆ. ಮೈ ಒಂಚೂರು ಇಳೀತು, ನೋವು ಇಳೀಲಿಲ್ಲ. ಈಗ ಕಾಲೂ ಮರಗಟ್ತಿದೆ. ಚಪ್ಪಲಿ ಬಿದ್ದುಹೋದ್ರೂ ಗೊತ್ತಾಗಲ್ಲ." ಟೀವಾ ನಗುತ್ತಲೇ ಹೇಳುತ್ತಿದ್ದಳು. ಸಂತೆಯಲ್ಲಿ ಕಷ್ಟವನ್ನೂ ನಗುತ್ತಲೇ ಹೇಳಿ ಅಭ್ಯಾಸ. "ಹೋದ ತಿಂಗಳು ಒಂದು ಕ್ಲಿನಿಕ್ಕಲ್ಲಿ ಒಬ್ಬ ಅಂದ, ನಿನ್ನ ಫೋಟೋ ತೆಗೆಯೋ ಮೆಷಿನ್ ನಮ್ಮಲ್ಲಿಲ್ಲ, ದನದ ಡಾಕ್ಟ್ರ ಹತ್ರ ಹೋಗು, ಎತ್ತು ಹೋರಿಗೆಲ್ಲ ಅಲ್ಲಿ ತೆಗೀತಾರೆ ಅಂತ."

"ಯಾರವನು?"

"ಯಾರೋ ಬಿಡಿ. ನಾನು ಹೋದೆ ಸಿಸ್ಟರ್."

"ಎಲ್ಲಿಗೆ?"

"ದನದ ಡಾಕ್ಟ್ರ ಹತ್ರ. ಅಷ್ಟು ನೋವಿತ್ತು. ಬೇಲಿ ಪಕ್ಕ ಹೋರಿಗಳ ಜೊತೆ ಸಾಲಲ್ಲಿ ನಿಂತಿದ್ದೆ. ಅಲ್ಲಿನೋರು ಒಳ್ಳೆಯೋರು. ಕೂರೋಕೆ ಸ್ಟೂಲು ಕೊಟ್ರು, ನೀರು ಕೊಟ್ರು, ಅಮ್ಮಾ ನಮ್ಮಲ್ಲಿ ಮನುಷ್ಯರಿಗೆ ಮಾಡಲ್ಲ ಅಂತ ಕಳಿಸಿದ್ರು." ಈಗ ಅವಳ ನಗು ನಿಂತಿತು. "ನನ್ನನ್ನ ಮನುಷ್ಯಳು ಅಂದಿದ್ದು ಅವ್ರೇ."

ಡುಫಿ ಟೀವಾಳನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಕಲಿತಂತೆ ಎಕ್ಸ್-ರೇ ತೆಗೆದಳು. ಫಿಲ್ಮ್ ತೊಳೆಯುವ ಕತ್ತಲೆ ಕೋಣೆಯಿಂದ ಫ್ರಿಂಪಾಂಗ್ ಅದನ್ನು ಎತ್ತಿ ಹಿಡಿದು ಬಂದ. ಅವನೂ ಡುಫಿಯೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು. ನೀರು ತೊಟ್ಟಿಕ್ಕುವ ಫಿಲ್ಮಿನಲ್ಲಿ ಮೂಳೆ ಎಲ್ಲಿ ಮಾಂಸ ಎಲ್ಲಿ ಎಂದು ತಿಳಿಯುವಂತಿರಲಿಲ್ಲ. ತುದಿಯಿಂದ ತುದಿಗೆ ಬೂದು.

"ಗಂಜಿ," ಎಂದ ಫ್ರಿಂಪಾಂಗ್ ಮೆಲ್ಲಗೆ.

ಇನ್ನೊಮ್ಮೆ, ಕಿರಣ ಬೀಳುವ ಹೊತ್ತನ್ನು ಹೆಚ್ಚಿಸಿ ತೆಗೆದಳು. ಗಂಜಿ ಇನ್ನಷ್ಟು ಕಪ್ಪಾಯಿತು, ಅಷ್ಟೆ. ಇದು ಅವಳಿಗೆ ಹೊಸದಲ್ಲ. ಮೈ ದಪ್ಪವಿದ್ದಷ್ಟೂ ಕಿರಣ ಒಳಗೆ ಹೋಗಿ ಚೆಲ್ಲಾಪಿಲ್ಲಿಯಾಗುತ್ತದೆ, ಚೆಲ್ಲಿದ್ದೆಲ್ಲ ಫಿಲ್ಮಿನ ಮೇಲೆ ಮಂಜಿನಂತೆ ಕೂರುತ್ತದೆ. ಅಂಥ ಫಿಲ್ಮು ಬಂದಾಗಲೆಲ್ಲ ಬರೆಯುವ ಒಂದು ಸಾಲಿತ್ತು: 'ರೋಗಿಯ ಗಾತ್ರದಿಂದಾಗಿ ಚಿತ್ರ ಸ್ಪಷ್ಟವಾಗಿಲ್ಲ.' ಎಲ್ಲರೂ ಬರೆಯುತ್ತಿದ್ದರು. ಡುಫಿಯೂ ಎಷ್ಟೋ ಸಲ ಬರೆದಿದ್ದಳು. ಅವತ್ತೂ ಪೆನ್ನು ತೆಗೆದು 'ರೋಗಿಯ ಗಾತ್ರ' ಎನ್ನುವವರೆಗೆ ಬರೆದಳು. ಬರೆಯಲು ಬಗ್ಗಿದಾಗ ಅವಳದೇ ಹೊಟ್ಟೆ ಮೇಜಿನ ಅಂಚಿಗೆ ಒತ್ತಿತು.

ಅಕ್ರಾದಲ್ಲಿ ಓದುವಾಗ ಮೇಷ್ಟ್ರೊಬ್ಬರು ಇಡೀ ತರಗತಿಯ ಮುಂದೆ, "ಬೆನೆಡಿಕ್ಟಾ, ನೀನು ಸೀಸದ ಪರದೆ ಹಿಂದೆ ನಿಂತ್ರೆ ಕಿರಣದಿಂದ ಅರ್ಧ ಮಾತ್ರ ಬಚಾವಾಗ್ತೀಯ," ಅಂದಿದ್ದರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆ ನಗು ಈಗ ಯಾಕೋ ಕಿವಿಯಲ್ಲಿ ಕೇಳಿತು. ನನ್ನದೇ ಬೆನ್ನು ನೋಯತೊಡಗಿದರೆ ಈ ಮೇಜಿನ ಮೇಲೆ ಮಲಗುವವಳು ನಾನು. ಆಗ ಈ ಸಾಲನ್ನು ಯಾರು ಬರೆಯುತ್ತಾರೆ? ಕಾಗದವನ್ನು ಮುದುರಿ ಬುಟ್ಟಿಗೆ ಹಾಕಿದಳು.

"ನಾಳೆ ಬಾ," ಎಂದಳು ಟೀವಾಗೆ. "ಇವತ್ತು ಉಳ್ಕೊಳ್ಳೋಕೆ ಜಾಗ ಇದೆಯಾ?"

"ಸಂತೆ ಇದೆ, ನನ್ನ ಗೆಡ್ಡೆ ರಾಶಿ ಇದೆ. ನಾಳೆ ಏನು ಬದಲಾಗತ್ತೆ ಸಿಸ್ಟರ್? ಒಂದು ದಿನಕ್ಕೆ ನಾನು ಕಡ್ಡಿಯಾಗಲ್ಲ."

"ನೀನು ಬದಲಾಗೋದು ಬೇಡ. ನಾನು ಬದಲಾಗಕ್ಕಾಗತ್ತಾ ನೋಡ್ತೀನಿ."

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ಡುಫಿ ಮೆಷಿನ್ ಆರಿಸಿ ಬಾಗಿಲು ಮುಚ್ಚಿ, ತಾನೇ ಮೇಜು ಹತ್ತಿ ಅಂಗಾತ ಮಲಗಿದಳು.

"ಫ್ರಿಂಪಾಂಗ್, ಬಾ ಇಲ್ಲಿ. ನನ್ನ ಸೊಂಟದ ಮೂಳೆ ಎಲ್ಲಿದೆ ಹುಡುಕು."

"ಸಿಸ್ಟರ್! ನನ್ನ ಹೆಂಡ್ತಿ ಬಾಗಿಲ ಹತ್ರ ಬಂದ್ರೆ ನನ್ನ ಮೂಳೆ ಹುಡುಕಬೇಕಾಗತ್ತೆ."

"ಅವಳೂ ಬರ್ಲಿ, ಎರಡು ಕೈ ಜಾಸ್ತಿ ಆಗತ್ತೆ. ಹುಡುಕು."

ಅವನು ಹುಡುಕಿದ. ಸಿಗಲಿಲ್ಲ. ಒತ್ತಿದಲ್ಲೆಲ್ಲ ಮೆತ್ತಗೆ. ಮೂಳೆ ಸಿಗದೆ ಎಲ್ಲೋ ಗುರಿಯಿಟ್ಟು ಇಷ್ಟು ದಿನ ಕಿರಣ ಬಿಡುತ್ತಿದ್ದೆವಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಡುಫಿ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ಯೋಚಿಸುತ್ತ ಮಲಗಿದ್ದಳು. ಮೊಣಕೈ ಸೊಂಟಕ್ಕೆ ತಾಗಿತ್ತು.

"ಮೊಣಕೈ," ಎಂದಳು ಒಮ್ಮೆಲೇ. "ಎಷ್ಟೇ ದಪ್ಪ ಆದ್ರೂ ಮೊಣಕೈ ಜಾಗ ಬಿಟ್ಟು ಹೋಗಲ್ಲ. ಕೈ ಇಳಿಬಿಟ್ರೆ ಅದು ಮಡಿಸೋ ಜಾಗ ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ. ಅಲ್ಲಿಂದ ಎಣಿಸು."

ಆಮೇಲೆ ಹೊಟ್ಟೆಯ ಎತ್ತರವನ್ನು ಒಂದು ಕೋಲಿನಿಂದ ಅಳೆಸಿದಳು. ಮಗುಚಿ ಬೋರಲು ಮಲಗಿ ಮತ್ತೆ ಅಳೆಸಿದಳು. ಮೈಯ ಭಾರಕ್ಕೆ ಹೊಟ್ಟೆ ಅದುಮಿ ಪಕ್ಕಕ್ಕೆ ಹರಡಿಕೊಂಡಿತ್ತು; ಕೋಲಿನ ಮೇಲೆ ನಾಲ್ಕು ಬೆರಳು ಕಡಿಮೆ ಬಂತು.

"ನಾಲ್ಕು ಬೆರಳು ಫ್ರಿಂಪಾಂಗ್! ಫುಫು ಬಿಡದೇನೇ ನಾಲ್ಕು ಬೆರಳು ಇಳಿದೆ!"

ಆ ಸಂಜೆಯಿಡೀ ಅವರು ಹಾಗೆ ಹೆಣಗಿದರು. ಪಕ್ಕಕ್ಕೆ ಹೊರಳಿ ಮಲಗಿದರೆ ಹೊಟ್ಟೆ ಮುಂದಕ್ಕೆ ಜೋತುಬೀಳುತ್ತಿತ್ತು. ಕೂಸನ್ನು ಬೆನ್ನಿಗೆ ಕಟ್ಟುವ ಅಗಲ ಬಟ್ಟೆಯಿಂದ ಅದನ್ನು ಎತ್ತಿ ಬಿಗಿದು, ಬಟ್ಟೆಯ ತುದಿಗಳನ್ನು ಮೇಜಿನ ಅಡಿಗೆ ಕಟ್ಟಿದರು. ಮೆಷಿನ್ನಿನಿಂದ ಕಿರಣ ಹೊರಬೀಳುವ ಬೆಳಕಿನ ಕಿಟಕಿಯನ್ನು ಅಂಗೈಯಗಲಕ್ಕೆ ಮುಚ್ಚಿದರು. ಬೆನ್ನನ್ನು ಒಂದೇ ಸಲಕ್ಕೆ ಅಲ್ಲ, ತುಂಡು ತುಂಡಾಗಿ ನೋಡೋಣ ಎಂದುಕೊಂಡರು. ಹರಿದು ಮೂಲೆಗೆ ಬಿದ್ದಿದ್ದ ಸೀಸದ ಏಪ್ರನ್ನನ್ನು ಬೆನ್ನ ಹಿಂದೆ ಮೇಜಿನ ಮೇಲೆ ಹಾಸಿದರು, ಚೆಲ್ಲುವ ಕಿರಣವನ್ನು ಅದು ನುಂಗಲಿ ಎಂದು. ಹೊತ್ತು ಹೆಚ್ಚಿಸುವ ಬದಲು ಕಿರಣದ ಬಲ ಹೆಚ್ಚಿಸುವುದು ಎಂದು ಡುಫಿ ತೀರ್ಮಾನಿಸಿದಳು. ಇದರಲ್ಲಿ ಯಾವುದೂ ಅವಳು ಓದದ ವಿದ್ಯೆಯಲ್ಲ. ಪುಸ್ತಕದಲ್ಲಿ ಒಂದೊಂದು ಪುಟದಲ್ಲಿ ಒಂದೊಂದಾಗಿ ಇದ್ದವು. ಎಲ್ಲವನ್ನೂ ಒಂದು ಮೈಗಾಗಿ ಒಟ್ಟುಗೂಡಿಸುವ ಮನಸ್ಸು ಯಾರಿಗೂ ಆಗಿರಲಿಲ್ಲ, ಅಷ್ಟೆ.

* * *

"ನೀನ್ಯಾರಮ್ಮ, ನಮ್ಮನೆ ಹೆಣ ತಡೆಯೋಕೆ?" ತಾಚಿಯ ದನಿ ಏರಿತ್ತು.

"ನಿಮ್ಮಕ್ಕ ನನ್ನ ಬೆನ್ನೊಳಗೆ ಹೊಕ್ಕು ನೋಡಿದೋರು ಒಪಾಯಿನ್. ನನ್ನ ಗಂಡನೂ ಅಷ್ಟು ನೋಡಿಲ್ಲ."

ಜನ ಗೊಳ್ಳೆಂದರು. ಡೋಲಿನವನೊಬ್ಬ ಆ ಮಾತಿಗೇ ಒಂದು ಪೆಟ್ಟು ಹಾಕಿದ.

"ನಗೋ ಹೊತ್ತಲ್ಲ ಇದು," ಎಂದ ತಾಚಿ. "ಲಾರೀಲಿ ಹೋದ್ರೆ ಏನಾಗತ್ತೆ? ಎಷ್ಟೋ ಜನ ಹೋಗಿದ್ದಾರೆ."

"ಹೋಗಿರ್ತಾರೆ. ಹೋರಿ ಲಾರೀಲಿ ಹೋಗಿದ್ದಾರಾ? ನನ್ನನ್ನ ಹೋರಿಗಳ ಸಾಲಿಂದ ಕರ್ಕೊಂಡು ಬಂದೋರು ಅವ್ರು. ಅವರನ್ನ ನಾನು ಹೋರಿ ನಿಂತಿದ್ದ ಜಾಗದಲ್ಲಿ ಮಲಗಿಸ್ಲಾ? ಲಾರಿ ಪೆಟ್ಟಿಗೆ ಹತ್ರ ಹೋಗ್ಬೇಕಾದ್ರೆ ನನ್ನ ಮೇಲೆ ಹೋಗ್ಲಿ. ಹೋಗಕ್ಕಾಗಲ್ಲ ಅಂತ ಡ್ರೈವರ್‌ಗೂ ಗೊತ್ತು, ನೋಡಿ ಹೆಂಗೆ ಬೆವರ್ತಿದ್ದಾನೆ."

ಊರುಗೋಲು ಹಿಡಿದು ಕೂತಿದ್ದ ಫ್ರಿಂಪಾಂಗ್ ನಗುತ್ತ ಕಣ್ಣೊರೆಸಿಕೊಂಡ. ಅವನ ಕೂದಲೆಲ್ಲ ಈಗ ಬೆಳ್ಳಗಾಗಿತ್ತು.

"ಪೋಕುವಾ," ಎಂದ ಪಕ್ಕಕ್ಕೆ ಬಂದು ಕೂತ ಡುಫಿಯ ಮಗಳಿಗೆ, "ಇವಳು ಹೆಂಗೆ ಬಂದಿದ್ಳು ಗೊತ್ತಾ ಅವತ್ತು? ಗೋಡೆ ಬಿಟ್ರೆ ಬಿದ್ದುಹೋಗ್ತಿದ್ಳು. ಈಗ ನೋಡು, ಲಾರಿ ತಡೀತಾ ನಿಂತಿದ್ದಾಳೆ."

"ಅಮ್ಮ ಮನೇಲಿ ಹೇಳ್ತಿರಲಿಲ್ಲ ಅಂಕಲ್. ಕೆಲಸ ಹೆಂಗಿತ್ತು ಅಂದ್ರೆ, ಫಿಲ್ಮ್ ಚೆನ್ನಾಗಿ ಬಂತು ಅನ್ನೋರು, ಇಲ್ಲಾಂದ್ರೆ ಬರಲಿಲ್ಲ ಅನ್ನೋರು."

"ಅವತ್ತು ಚೆನ್ನಾಗಿ ಬಂದಿತ್ತು ಮಗಳೇ. ಎಂಥಾ ಚೆನ್ನಾಗಿ!"

* * *

ಮರುದಿನ ಬೋರಲು ಮಲಗಬೇಕು ಎಂದಾಗ ಟೀವಾ ಹೆದರಿದಳು. ಹೊಟ್ಟೆಯ ಮೇಲೆ ಮಲಗಿ ವರ್ಷಗಳೇ ಆಗಿದ್ದವು. ಉಸಿರು ಕಟ್ಟುತ್ತದೆ, ಮೇಜು ಮುರಿಯುತ್ತದೆ ಎಂದಳು.

"ನಿನ್ನೆ ಇದರ ಮೇಲೆ ಸಂಜೆ ತನಕ ಹೊರಳಾಡಿದ್ದೀನಿ," ಎಂದಳು ಡುಫಿ. "ನನ್ನ ತಡ್ಕೊಂಡ ಮೇಜು ನಿನ್ನ ತಡ್ಕೊಳಲ್ವಾ? ನೀನೇನು ನನಗಿಂತ ದೊಡ್ಡೋಳು ಅಂತ ಜಂಬಾನಾ?"

ಟೀವಾ ಆಗ ನಕ್ಕಳು. ನಗುತ್ತಿದ್ದಂತೆಯೇ ಇಬ್ಬರೂ ಸೇರಿ ಅವಳನ್ನು ನಿಧಾನವಾಗಿ ಮಗುಚಿದರು. ಎದೆಯ ಕೆಳಗೆ ಒಂದು ದಿಂಬು, ಪಾದದ ಕೆಳಗೆ ಒಂದು. ಡುಫಿ ಅವಳ ಮೊಣಕೈ ನೋಡಿ, ಅಲ್ಲಿಂದ ಬೆರಳಿನಿಂದ ಬೆನ್ನ ಮೇಲೆ ನಡೆದಳು.

"ಇಲ್ಲಾ?"

"ಮೇಲೆ. ಅಲ್ಲೇ... ಅಯ್ಯೋ, ಅಲ್ಲೇ ಸಿಸ್ಟರ್."

ಪಕ್ಕೆಲುಬುಗಳು ಮುಗಿಯುವ ಜಾಗ. ಡುಫಿ ಬೆಳಕಿನ ಕಿಟಕಿಯನ್ನು ಅಲ್ಲಿಗೆ ತಂದು ಅಂಗೈಯಗಲಕ್ಕೆ ಮುಚ್ಚಿದಳು. "ಉಸಿರು ಪೂರ್ತಿ ಬಿಡು. ಬಿಟ್ಯಾ? ಹಾಗೇ ಇರು." ಮೆಷಿನ್ ಗುಂಯ್‌ಗುಟ್ಟಿ ಟಕ್ಕೆಂದಿತು. ಆಮೇಲೆ ಪಕ್ಕಕ್ಕೆ ಹೊರಳಿಸಿ, ಬಟ್ಟೆಯಿಂದ ಹೊಟ್ಟೆಯನ್ನು ಬಿಗಿದು ಕಟ್ಟಿ, ಹಿಂದೆ ಸೀಸದ ಏಪ್ರನ್ ಹಾಸಿ ಇನ್ನೊಂದು.

ಫ್ರಿಂಪಾಂಗ್ ಕತ್ತಲೆ ಕೋಣೆಯಿಂದ ಬರುವುದು ತಡವಾಯಿತು. ಬಂದಾಗ ತಮಾಷೆ ಮಾಡಲಿಲ್ಲ. ಸುಮ್ಮನೆ ಫಿಲ್ಮನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದ.

ಮೂಳೆಗಳು. ಒಂದರ ಮೇಲೊಂದು ಅಟ್ಟಿಯಿಟ್ಟಂತೆ, ಅಂಚು ಅಂಚೂ ಬಿಡಿಸಿ ಬರೆದಂತೆ ಬೆಳ್ಳಗೆ. ನಡುವೆ ಎರಡು ಮಾತ್ರ ಬೇರೆ ಥರ. ಎರಡರ ಮಧ್ಯೆ ಇರಬೇಕಾದ ಸಂದು ಇರಲಿಲ್ಲ. ಅವುಗಳ ಮುಂಭಾಗ ಗೆದ್ದಲು ತಿಂದ ಮರದಂತೆ ಸವೆದು, ಮೇಲಿನದು ಕೆಳಗಿನದರ ಮೇಲೆ ಕುಸಿದು ವಾಲಿತ್ತು.

ಡುಫಿ ಡಾಕ್ಟರನ್ನು ಕರೆಯಲು ತಾನೇ ಓಡಿದಳು. ಅವಳು ಓಡಿದ್ದನ್ನು ಆಸ್ಪತ್ರೆಯಲ್ಲಿ ಯಾರೂ ನೋಡಿರಲಿಲ್ಲ; ಔಷಧಿಯ ಸಾಲಿನಲ್ಲಿ ನಿಂತವರು ಬೆಂಕಿ ಬಿದ್ದಿದೆಯೆಂದು ಚದುರಿದರು. ಡಾಕ್ಟರ್ ಲ್ಯಾಂಪ್ಟಿ ಆಗಿನ್ನೂ ಹೊಸಬ, ಅಕ್ರಾದಿಂದ ಬಂದು ವರ್ಷವಾಗಿರಲಿಲ್ಲ. ಮೈ ಇಳಿಸು ಎಂದು ಟೀವಾಗೆ ಅವನೂ ಒಮ್ಮೆ ಹೇಳಿದ್ದ. ಫಿಲ್ಮಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ.

"ಇದು ಕ್ಷಯ," ಎಂದ. "ಬೆನ್ನುಮೂಳೆಯ ಕ್ಷಯ. ಕ್ಷಯ ಅಂದ್ರೆ ಕಡ್ಡಿಯಂಗಿರೋರು ಅನ್ಕೊಂಡಿದ್ದೆ. ಇವಳ ಮೈ ನೋಡಿ ಆ ಯೋಚನೆನೇ ಬರ್ಲಿಲ್ಲ ನಂಗೆ."

"ಕಾಲು ಹೋಗತ್ತಾ ಡಾಕ್ಟ್ರೇ?"

"ಇನ್ನು ಸ್ವಲ್ಪ ದಿನ ಬಿಟ್ಟಿದ್ರೆ ಹೋಗಿರೋದು. ಈಗ ಹೋಗಕ್ಕೆ ಬಿಡಲ್ಲ. ಮಾತ್ರೆ ಇದೆ ಸಿಸ್ಟರ್. ಇದಕ್ಕೆ ಮಾತ್ರೆ ಇದೆ!" ಅವನು ಫಿಲ್ಮಿನಿಂದ ಅವಳ ಕಡೆ ತಿರುಗಿದ. "ಹೆಂಗೆ ತೆಗೆದ್ರಿ ಇದನ್ನ?"

"ಕಲಿಸ್ತೀನಿ ಬನ್ನಿ. ಮೊದಲು ಅವಳಿಗೆ ಹೇಳಿ, ಅವಳು ಇನ್ನೂ ಕಟ್ಟಿದ ಬಟ್ಟೇಲೇ ಮಲಗಿದ್ದಾಳೆ."

ಕೋಣೆಗೆ ಹೋಗಿ ಡಾಕ್ಟರು ಎಲ್ಲವನ್ನೂ ಬಿಡಿಸಿ ಹೇಳಿದ. ಟೀವಾ ಮೇಜಿನ ಮೇಲಿಂದಲೇ ಒಂದೇ ಪ್ರಶ್ನೆ ಕೇಳಿದಳು. "ಅಂದ್ರೆ, ಇದು ನಾನು ತಿಂದಿದ್ದರಿಂದ ಬಂದಿದ್ದಲ್ಲ?"

"ಅಲ್ಲ."

ಆಗ ಅವಳು ಅತ್ತಳು. ಅಷ್ಟು ನೋವಿನಲ್ಲೂ ಅಳದಿದ್ದವಳು ದಿಂಬಿನ ಅಂಚು ಕಚ್ಚಿಕೊಂಡು ಅತ್ತಳು. ಡುಫಿ ಅವಳ ತಲೆಯ ಪಕ್ಕ ಸ್ಟೂಲು ಎಳೆದುಕೊಂಡು, ಅಳು ಮುಗಿಯುವವರೆಗೂ ಕೂತಳು.

ವರ್ಷದ ಮೇಲೆ ಟೀವಾ ಗೆಡ್ಡೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಯಾವ ಗೋಡೆಯನ್ನೂ ಹಿಡಿಯದೆ ಎಕ್ಸ್-ರೇ ಕೋಣೆಗೆ ಬಂದಳು. ಬುಟ್ಟಿಯನ್ನು ಇಳಿಸಿಟ್ಟು ಹೋದಳು. ಅವಳ ಬಾಯಿ ಸಂತೆಯ ಬಾಯಿ. ಸುದ್ದಿ ಲಾರಿಗಳ ಜೊತೆ ಉತ್ತರಕ್ಕೂ ಕಡಲ ತೀರಕ್ಕೂ ಹೋಯಿತು. ಹೆಂಗಸರು ಬರತೊಡಗಿದರು, ಆಮೇಲೆ ಗಂಡಸರೂ: ಬಿದ್ದು ಮೂಳೆ ಬಿರಿದವರು, ಸಂದು ಸವೆದವರು, ಏನೂ ಇಲ್ಲದೆ ಬರೀ ಬೈಗುಳ ತಿಂದು ಸುಸ್ತಾದವರು. ಡುಫಿ ಬುಧವಾರವನ್ನು ಅವರಿಗೆಂದೇ ಬಿಟ್ಟಳು. ಹಿಂದೆ ಬಿಚ್ಚಿಕೊಳ್ಳದಂಥ ಅಗಲ ಗೌನುಗಳನ್ನು ತಾನೇ ಹೊಲಿದಳು. ಬಾಗಿಲಲ್ಲಿ ಕಿರಿದಾದ ಕುರ್ಚಿಗಳನ್ನು ತೆಗೆಸಿ ಉದ್ದ ಬೆಂಚು ಹಾಕಿಸಿದಳು. ಎಲ್ಲವೂ ಗೆಲ್ಲಲಿಲ್ಲ, ಕೆಲವರ ಫಿಲ್ಮು ಏನು ಮಾಡಿದರೂ ಗಂಜಿಯೇ. ಆಗ ಅವಳು 'ನಮ್ಮ ಮೆಷಿನ್ ಇಷ್ಟಕ್ಕೆ ಸಾಲದು' ಎಂದು ಬರೆಯುತ್ತಿದ್ದಳು. ಕಲಿಯಲು ಬಂದ ಮಕ್ಕಳು ರೋಗಿಯನ್ನು ಕಂಡು ದಪ್ಪ ಎಂದು ಪಿಸುಗುಟ್ಟಿದರೆ ಅವಳ ಕೈಯಲ್ಲಿದ್ದ ಅಳತೆಕೋಲು ಮೇಜಿಗೆ ಬಡಿಯುತ್ತಿತ್ತು. "ದಪ್ಪ ಅನ್ನಬೇಡಿ. ಎಷ್ಟು ದಪ್ಪ ಅನ್ನಿ. ಮೊದಲನೇದು ಬೈಗುಳ, ಎರಡನೇದು ನಿಮ್ಮ ಕೆಲಸ."

* * *

"ಹಾಗಾದ್ರೆ ಯಾರು ಹೊರ್ತಾರೆ?" ತಾಚಿ ಸೋತ ದನಿಯಲ್ಲಿ ಕೇಳಿದ. "ಈ ಹುಡುಗರು ಆಗಲ್ಲ ಅಂತಾರೆ. ನೀನು ಹೊರ್ತೀಯಾ?"

"ಹೂಂ," ಎಂದಳು ಟೀವಾ. "ನಾವೇ ಹೊರ್ತೀವಿ."

ಅವಳು ಎಡಗಡೆಯ ಶಾಮಿಯಾನದ ಕಡೆ ತಿರುಗಿ ಕೈ ಬೀಸಿದಳು. ಅಲ್ಲಿ ಕೂತವರು ಎದ್ದರು. ಬಾಳೆಕಾಯಿ ಕರಿದು ಮಾರುವವಳೊಬ್ಬಳು, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ ಒಬ್ಬಳು, ಬಟ್ಟೆ ಅಂಗಡಿಯವಳು, ಉತ್ತರದಿಂದ ಬಂದ, ಹಜ್ ಮುಗಿಸಿದ ಹಾಜಿಯಾ ಒಬ್ಬಳು. ಮಿಕ್ಕವರೆಲ್ಲ ಸಂತೆಯವರು. ಯಾರೂ ಸಣ್ಣವರಲ್ಲ. ಎಲ್ಲರೂ ಒಂದಲ್ಲ ಒಂದು ಬುಧವಾರ ಆ ಉದ್ದ ಬೆಂಚಿನ ಮೇಲೆ ಕೂತವರು.

"ಹೆಂಗಸರು ಹೆಣ ಹೊರೋದು ಎಲ್ಲಾದ್ರೂ ಉಂಟಾ?" ತಾಚಿ ಸುತ್ತಲಿನ ಹಿರಿಯರ ಮುಖ ನೋಡಿದ. ಹಿರಿಯರು ಪೆಟ್ಟಿಗೆ ನೋಡಿದರು, ಕೂತಿದ್ದ ಹುಡುಗರನ್ನು ನೋಡಿದರು, ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವನು ಡಾಕ್ಟರ್ ಲ್ಯಾಂಪ್ಟಿ. ಅವನು ಅಕ್ರಾದಿಂದ ಆಗಷ್ಟೇ ಬಂದಿಳಿದಿದ್ದ. ಈಗ ಅವನಿಗೂ ಒಂದು ಹೊಟ್ಟೆ ಬಂದಿತ್ತು. ಜನರನ್ನು ಸರಿಸಿಕೊಂಡು ಓಡಿ ಬಂದ.

"ಟೀವಾ! ತಲೆ ಕೆಟ್ಟಿದೆಯಾ ನಿಂಗೆ? ನಿನ್ನ ಬೆನ್ನಲ್ಲಿ ಎರಡು ಮೂಳೆ ಸೇರಿ ಒಂದಾಗಿದೆ!"

"ಒಂದಾಗಿದ್ರೆ ಇನ್ನೂ ಗಟ್ಟಿ ಅಲ್ವಾ ಡಾಕ್ಟ್ರೇ? ಬೆಸುಗೆ ಹಾಕ್ದಂಗೆ ಕೂತಿದೆ ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ಪೆಟ್ಟಿಗೆ ಹೊರು ಅಂದಿದ್ನಾ?"

"ಅವತ್ತಿಂದ ಗೆಡ್ಡೆ ಹೊತ್ತಿದ್ದೀನಲ್ಲ, ಅದನ್ನ ಹೊರು ಅಂತ ಯಾರು ಹೇಳಿದ್ರು? ಎಂಟು ಜನ ಹಂಚ್ಕೊಂಡ್ರೆ ನನ್ನ ಪಾಲಿಗೆ ಬರೋದು ಒಂದು ಬುಟ್ಟಿಗಿಂತ ಕಮ್ಮಿ. ಈ ಹುಡುಗರು ಹೆಗಲ ಮೇಲೆ ಇಟ್ಕೊಂಡ್ರು, ಅದಕ್ಕೇ ಸೋತ್ರು. ಭಾರ ಹೊರೋದು ಹೆಗಲಲ್ಲ. ಇದು," ಎಂದು ತಲೆ ಮುಟ್ಟಿಕೊಂಡು, ಅಲ್ಲಿಂದ ಕೈಯನ್ನು ಕತ್ತಿನ ಹಿಂದೆ, ಬೆನ್ನುದ್ದಕ್ಕೂ ನಿಲುಕಿದಷ್ಟು ಕೆಳಕ್ಕೆ ಇಳಿಸಿ ತೋರಿಸಿದಳು.

ಫ್ರಿಂಪಾಂಗ್ ಕೂತಲ್ಲಿಂದಲೇ, "ಬಿಡಿ ಡಾಕ್ಟ್ರೇ, ಆ ಬೆನ್ನಿನ ಫಿಲ್ಮ್ ತೊಳೆದೋನು ನಾನು. ಅದಕ್ಕೆ ನಾನು ಗ್ಯಾರಂಟಿ," ಎಂದ.

ಎಲ್ಲರೂ ಈಗ ತಾಚಿಯ ಮುಖ ನೋಡುತ್ತಿದ್ದರು. ಹಿರಿಯನ ಬಾಯಿಂದ ಹೂಂ ಎಂದು ಬಾರದೆ ಪೆಟ್ಟಿಗೆ ಅಲ್ಲಾಡುವಂತಿರಲಿಲ್ಲ. ಆಗ ಪೋಕುವಾ ಎದ್ದು ಸೋದರಮಾವನ ಮುಂದೆ ಬಂದು ನಿಂತಳು. ಈಗ ಅವಳದು ತರಗತಿಯ ದನಿ.

"ವೋಫಾ," ಎಂದಳು, "ಚಿಕ್ಕೋರಿದ್ದಾಗ ನಿಮ್ಮನ್ನ ಯಾರು ಹೊತ್ಕೊಂಡು ತಿರುಗ್ತಿದ್ರು?"

"ಈಗ ಯಾಕದು?"

"ಅಮ್ಮ ಹೇಳ್ತಿದ್ರು. ಶಾಲೆಗೆ ಸೇರೋ ವಯಸ್ಸಾದ್ರೂ ನೀವು ಅವರ ಬೆನ್ನಿಂದ ಇಳೀತಿರಲಿಲ್ವಂತೆ. ಇಳಿಸಿದ್ರೆ ರಸ್ತೇಲೇ ಬಿದ್ದು ಹೊರಳಾಡ್ತಿದ್ರಂತೆ."

ಜನ ನಕ್ಕರು. ತಾಚಿ ನಗದೆ ಪೆಟ್ಟಿಗೆಯ ಕಡೆ ನೋಡಿದ. "ಅವಳ ಬೆನ್ನು ಅಗಲ ಇತ್ತು," ಎಂದ. "ಮಲ್ಕೊಂಡ್ರೆ ಹಾಸಿಗೆ ಥರ. ಎಷ್ಟು ದೂರ ನಡೆದ್ರೂ ಅಲುಗ್ತಾ ಇರ್ಲಿಲ್ಲ." ಮುಖ ಪಕ್ಕಕ್ಕೆ ತಿರುಗಿಸಿ ಟೀವಾಗೆ ಕೈ ಮಾಡಿದ. "ಹೊರಿ."

ಹೆಂಗಸರು ತಮ್ಮ ತಲೆವಸ್ತ್ರಗಳನ್ನು ಬಿಚ್ಚಿ, ಸುತ್ತಿ ಸುತ್ತಿ ಸಿಂಬಿ ಮಾಡಿದರು. ಹೆಡ್‌ಮಿಸ್ಟ್ರೆಸ್ ಮಾಡಿದ ಸಿಂಬಿ ಸಡಿಲವಾಯಿತೆಂದು ಬಾಳೆಕಾಯಿಯವಳು ಬೈದು ಬಿಚ್ಚಿ ಮತ್ತೆ ಸುತ್ತಿಕೊಟ್ಟಳು. ಬಾಡಿಗೆಯ ಹುಡುಗರೇ ಪೆಟ್ಟಿಗೆಯನ್ನು ಎದೆಮಟ್ಟಕ್ಕೆ ಎತ್ತಿಕೊಟ್ಟರು. ಎಂಟು ಜನ ಮೊಣಕಾಲು ಮಡಿಸಿ ಅದರ ಅಡಿಗೆ ಹೋದರು.

"ಉಸಿರು ಬಿಡಿ," ಎಂದಳು ಟೀವಾ ಮುಂದಿನಿಂದ. "ಪೂರ್ತಿ ಬಿಟ್ರಾ? ಈಗ ಏಳಿ."

ಎದ್ದರು. ಪೆಟ್ಟಿಗೆ ಶಾಮಿಯಾನದ ಅಂಚನ್ನು ದಾಟಿ ಬಿಸಿಲಿಗೆ ಏರಿತು. ಡೋಲುಗಳು ಒಮ್ಮೆಲೇ ಹೊಡೆದುಕೊಂಡವು, ಈ ಸಲ ಅನುಮಾನವಿಲ್ಲದೆ. ಚರ್ಚಿನ ಕಡೆಯ ಏರಿನಲ್ಲಿ ಜನ ಎರಡೂ ಬದಿಗೆ ಸರಿದು ದಾರಿ ಬಿಟ್ಟರು. ಡಾಕ್ಟರ್ ಲ್ಯಾಂಪ್ಟಿ ಟೀವಾಳ ಪಕ್ಕದಲ್ಲೇ ಕೈ ಚಾಚಿಕೊಂಡು, ನಿಧಾನ ನಿಧಾನ ಎನ್ನುತ್ತ, ಬೀಳುವ ಮಗುವನ್ನು ಹಿಡಿಯುವವನಂತೆ ಅಡ್ಡಡ್ಡ ಹೆಜ್ಜೆ ಹಾಕುತ್ತಿದ್ದ.

"ಡಾಕ್ಟ್ರೇ, ಆ ಕಡೆ ಸರೀರಿ. ನಿಮ್ಮ ಕಾಲು ತುಳಿದ್ರೆ ಎಕ್ಸ್-ರೇ ತೆಗೆಯೋರು ಇಲ್ಲ ಇವತ್ತು."

ಬಾಡಿಗೆಯ ಹುಡುಗರು ಕೈಗವಸು ಹಾಕಿಕೊಂಡು ಹಿಂದೆ ನಡೆಯುತ್ತ, ಪೆಟ್ಟಿಗೆಯಿಲ್ಲದೆಯೇ ಕುಣಿಯತೊಡಗಿದರು. ಪೆಟ್ಟಿಗೆ ತಾಚಿಯ ಮುಂದೆ ಬಂತು. ಅವನು ಪಾದ ಬಿಡಿಸಿ ಚಪ್ಪಲಿಗಳನ್ನು ಪಕ್ಕಕ್ಕೆ ತಳ್ಳಿದ. ಎಡ ಹೆಗಲ ಮೇಲಿನ ಬಟ್ಟೆಯನ್ನು ಎದೆಯವರೆಗೆ ಇಳಿಸಿದ. ಅರಸರು ಹಾದುಹೋಗುವಾಗ ಮಾತ್ರ ಅವನು ಹಾಗೆ ನಿಲ್ಲುತ್ತಿದ್ದುದು. ಅವನನ್ನು ನೋಡಿ ಉಳಿದ ಹಿರಿಯರೂ ಚಪ್ಪಲಿ ಬಿಟ್ಟರು.

ಏರಿನ ನಡುವೆ ಡೋಲಿನ ಲಯ ಬದಲಾಯಿತು, ಅಡೋವಾ ಕುಣಿತದ ಲಯಕ್ಕೆ. ಟೀವಾ ಪೆಟ್ಟಿಗೆಯ ಅಂಚು ಹಿಡಿದಿದ್ದ ಬಲಗೈಯನ್ನು ಮೆಲ್ಲಗೆ ಬಿಟ್ಟಳು. ಕೈ ಗಾಳಿಯಲ್ಲಿ ಮಣಿಕಟ್ಟು ತಿರುಗಿಸಿ, ಬೆರಳು ಬಿಡಿಸಿ ಕುಣಿಯಿತು. ಅವಳ ಹಿಂದೆ ಬಟ್ಟೆ ಅಂಗಡಿಯವಳು ಬಿಟ್ಟಳು, ಹಾಜಿಯಾ ಬಿಟ್ಟಳು. ಕೊನೆಗೆ ಹೆಡ್‌ಮಿಸ್ಟ್ರೆಸ್ಸೂ ಹಲ್ಲು ಕಚ್ಚಿಕೊಂಡು ಬಿಟ್ಟಳು. ಕೈಗಳೆಲ್ಲ ಗಾಳಿಯಲ್ಲಿದ್ದವು. ಅವುಗಳ ಮೇಲೆ, ಯಾರ ಹಿಡಿತವೂ ಇಲ್ಲದೆ, ಎಂಟು ನೆಟ್ಟಗಿನ ಬೆನ್ನುಗಳ ಮೇಲೆ ಬಿಳಿ ಪೆಟ್ಟಿಗೆ ಒಂದಿಷ್ಟೂ ಅಲುಗದೆ ಏರು ಹತ್ತುತ್ತಿತ್ತು.